ಎಂಟಂಗುಲದ ಕಟ್ಟೆ

ನಮ್ಮ ನಾಡಿನ ಪೆಟ್ರೋಲ್ ಬಂಕುಗಳಲ್ಲಿ ಬಹುಕಾಲದಿಂದ ನಡೆದುಬಂದ ಒಂದು ರೂಢಿಯುಂಟು. ಬಂದವನು ಲಾರಿಯ ಚಾಲಕನೇ ಆಗಲಿ, ಕಾರಿನ ಒಡೆಯನೇ ಆಗಲಿ, ಹಾಲಿನ ಕ್ಯಾನುಗಳನ್ನು ಇಕ್ಕೆಲಕ್ಕೆ ಕಟ್ಟಿಕೊಂಡ ಮೊಪೆಡ್ಡಿನವನೇ ಆಗಲಿ, ಎಣ್ಣೆಯ ನಳಿಕೆಯನ್ನು ತನ್ನ ಕೈಯಿಂದ ಮುಟ್ಟಬೇಕಾದದ್ದಿಲ್ಲ. ಸಮವಸ್ತ್ರ ತೊಟ್ಟ ಹುಡುಗನೊಬ್ಬನು ಮುಂದೆ ಬಂದು ‘ಸಾರ್, ಜೀರೋ ನೋಡ್ಕೊಳ್ಳಿ’ ಎಂದು ಯಂತ್ರದ ಕಡೆಗೆ ಬೆರಳು ತೋರಿ, ತಾನೇ ತುಂಬಿ, ತಾನೇ ಮುಚ್ಚಳವನ್ನು ಬಿಗಿದು, ಹಣ ಪಡೆದು ಕಳುಹಿಸಿಕೊಡುತ್ತಾನೆ. ಅಂಗವಿಕಲರ ಅನುಕೂಲವನ್ನು ನೆನೆದು ಯಾರೂ ಈ ರೂಢಿಯನ್ನು ಏರ್ಪಡಿಸಲಿಲ್ಲ; ದುಡಿಯುವ ಕೈಗಳು ಹೇರಳವಾಗಿರುವ ದೇಶದಲ್ಲಿ ಅದು ತಾನಾಗಿಯೇ ಬೆಳೆದುಬಂತು. ಆದರೂ ಕಾಲಿಗೆ ಕ್ಯಾಲಿಪರ್ ಕಟ್ಟಿಕೊಂಡವರು, ಊರುಗೋಲನ್ನು ಗಾಡಿಯ ಪಕ್ಕಕ್ಕೆ ಸಿಕ್ಕಿಸಿಕೊಂಡವರು, ಬೆರಳುಗಳಲ್ಲಿ ಹಿಡಿತದ ಬಲವಿಲ್ಲದವರು, ಎಲ್ಲರೊಡನೆ ಒಂದೇ ಸಾಲಿನಲ್ಲಿ ನಿಂತು, ಎಲ್ಲರಿಗೂ ಸಲ್ಲುವ ಸೇವೆಯನ್ನೇ ಪಡೆದು, ಯಾರ ಮುಂದೆಯೂ ದೈನ್ಯವನ್ನು ತೋಡಿಕೊಳ್ಳದೆ ತಮ್ಮ ದಾರಿಯನ್ನು ಹಿಡಿಯುವುದು ಈ ರೂಢಿಯಿಂದಲೇ ಸಾಧ್ಯವಾಗಿತ್ತು.

ಈಗ ರಸ್ತೆಗಳ ಬದಿಯಲ್ಲಿ, ಮಾಲುಗಳ ನೆಲಮಾಳಿಗೆಯಲ್ಲಿ, ಹೆದ್ದಾರಿಯ ಉಪಾಹಾರ ಮಂದಿರಗಳ ಅಂಗಳದಲ್ಲಿ ಏಳುತ್ತಿರುವ ವಿದ್ಯುತ್ ಚಾರ್ಜಿಂಗ್ ಕೇಂದ್ರಗಳಲ್ಲಿ ಆ ಹುಡುಗನಿಲ್ಲ. ಯಂತ್ರವೊಂದು ನಿಂತಿರುತ್ತದೆ, ಮಿಕ್ಕ ಕೆಲಸವೆಲ್ಲ ಬಂದವನದು. ಗಾಡಿಯಿಂದ ಇಳಿಯಬೇಕು, ಯಂತ್ರದವರೆಗೆ ನಡೆಯಬೇಕು, ಪರದೆಯನ್ನು ಓದಬೇಕು, ಮೊಬೈಲಿನ ಆ್ಯಪನ್ನು ತೆರೆದು ಹಣ ಕಟ್ಟಬೇಕು, ಭಾರವಾದ ಗನ್ನನ್ನು ಅದರ ಗೂಡಿನಿಂದ ಎಳೆದು ತೆಗೆದು, ದಪ್ಪ ಕೇಬಲನ್ನು ಗಾಡಿಯ ಬಳಿಗೆ ಹೊತ್ತು, ‘ಟಕ್’ ಎಂದು ಕಚ್ಚಿಕೊಳ್ಳುವವರೆಗೆ ಒತ್ತಿ ಸಿಕ್ಕಿಸಬೇಕು. ಮುಗಿದ ಮೇಲೆ ಇದೆಲ್ಲವನ್ನೂ ಹಿಂದುಮುಂದಾಗಿ ಇನ್ನೊಮ್ಮೆ ಮಾಡಬೇಕು. ಇಂಧನ ಬದಲಾದುದನ್ನು ಎಲ್ಲರೂ ಕಂಡರು. ಅದರೊಡನೆ ಪರರ ಕೈಯಲ್ಲಿದ್ದ ಒಂದು ದುಡಿಮೆಯು ಸದ್ದಿಲ್ಲದೆ ವಾಹನದವನ ಕೈಗೆ ವರ್ಗವಾಯಿತೆಂಬುದನ್ನು, ಆ ದುಡಿಮೆಗೆ ಕೈಯೋ ಕಾಲೋ ಒದಗದವರಷ್ಟೇ ಮೊದಲು ಕಂಡುಕೊಂಡರು.

ವಿದ್ಯುತ್ ವಾಹನವು ಅಂಗವಿಕಲರ ಪಾಲಿಗೆ ಸ್ವಭಾವತಃ ಉಪಕಾರಿಯಾದುದೆಂಬುದನ್ನು ನೆನೆದಾಗ ಈ ಅನನುಕೂಲವು ಹೆಚ್ಚು ನೋಯಿಸುತ್ತದೆ. ಕಿಕ್ಕರ್ ತುಳಿಯಬೇಕಿಲ್ಲ, ಕ್ಲಚ್ಚು ಇಲ್ಲ, ಗೇರು ಬದಲಾಯಿಸುವ ಶ್ರಮವಿಲ್ಲ. ಕಾರುಗಳಲ್ಲಿ ವೇಗವರ್ಧಕದ ಮೇಲಿನ ಒತ್ತಡವನ್ನು ಸಡಿಲಿಸಿದೊಡನೆ ಮೋಟಾರೇ ಗತಿಯನ್ನು ತಡೆದು ಬ್ಯಾಟರಿಗೆ ಒಂದಿಷ್ಟು ವಿದ್ಯುತ್ತನ್ನು ಹಿಂದಿರುಗಿಸುವ ಏರ್ಪಾಡು ಇರುವುದರಿಂದ, ಊರಿನೊಳಗಿನ ಓಡಾಟದ ಬಹುಭಾಗ ಒಂದೇ ಪೆಡಲಿನಲ್ಲಿ ಮುಗಿಯುತ್ತದೆ. ಎಲ್ಲಕ್ಕಿಂತ ಮಿಗಿಲಾದುದು, ಇಂದಿನ ಹಲವು ವಿದ್ಯುತ್ ಸ್ಕೂಟರುಗಳಲ್ಲಿ ಇರುವ, ಗುಂಡಿಯೊತ್ತಿ ಹಿಂದಕ್ಕೆ ಚಲಿಸುವ ಸೌಕರ್ಯ. ಎರಡು ಕಾಲೂ ಗಟ್ಟಿಯಾಗಿರುವವರಿಗೆ ಇದು ಅಲ್ಪವೆಂದು ತೋರಬಹುದು. ಆದರೆ ಪೋಲಿಯೊದಿಂದ ಕಾಲು ಸೊರಗಿ, ಸ್ಕೂಟರಿನ ಹಿಂದಿನ ಗಾಲಿಯ ಇಕ್ಕೆಲದಲ್ಲಿ ಎರಡು ಚಕ್ರಗಳನ್ನು ಕೂಡಿಸಿಕೊಂಡು ಓಡಾಡುವವರು, ಗ್ಯಾರೇಜಿನವರ ಮಾತಿನಲ್ಲಿ ‘ಸೈಡ್ ವೀಲ್’ ಗಾಡಿಯವರು, ಪೆಟ್ರೋಲಿನ ಕಾಲದಲ್ಲಿ ಗೋಡೆಗೆ ಎದುರಾಗಿ ಗಾಡಿ ನಿಲ್ಲಿಸಿದರೆಂದರೆ ಅದನ್ನು ಕಾಲಿನಿಂದ ಹಿಂದಕ್ಕೆ ತಳ್ಳಲಾರದೆ, ದಾರಿಹೋಕರನ್ನು ಕೂಗಿ ಕರೆಯುವುದಲ್ಲದೆ ಬೇರೆ ಗತಿಯಿರಲಿಲ್ಲ. ನಮ್ಮ ರಾಜ್ಯ ಸರ್ಕಾರವು ಅಂಗವಿಕಲರಿಗೆಂದು ಯಂತ್ರಚಾಲಿತ ದ್ವಿಚಕ್ರ ವಾಹನಗಳನ್ನು ಹಂಚುವ ಯೋಜನೆಯನ್ನು ನಡೆಸಿಕೊಂಡು ಬಂದಿರುವುದರಿಂದ, ಈ ಬಗೆಯ ಗಾಡಿಗಳನ್ನು ಕಾಣದ ತಾಲ್ಲೂಕು ಕೇಂದ್ರ ಕರ್ನಾಟಕದಲ್ಲಿ ಇರಲಾರದು.

ತುಮಕೂರಿನ ಕಡೆಯ ಪ್ರೌಢಶಾಲೆಯ ಮೇಷ್ಟರೊಬ್ಬರು ನನ್ನ ಪರಿಚಿತರು. ಎಳವೆಯಲ್ಲಿಯೇ ಬಲಗಾಲನ್ನು ಪೋಲಿಯೊಗೆ ಒಪ್ಪಿಸಿದವರು. ಎರಡು ವರ್ಷಗಳಿಂದೀಚೆಗೆ ವಿದ್ಯುತ್ ಸ್ಕೂಟರಿಗೆ ಪಕ್ಕದ ಚಕ್ರ ಕೂಡಿಸಿಕೊಂಡು ಓಡಾಡುತ್ತಿದ್ದಾರೆ. ಹೊಸ ಗಾಡಿ ಹೇಗಿದೆಯೆಂದು ಕೇಳಿದಾಗ ಅವರು ಹೇಳಿದರು: ‘ಗಾಡಿಯೇನೋ ಬಂಗಾರದಂಥದು ಸ್ವಾಮಿ. ಆದರೆ ಮನೆಯಿಂದ ನಲವತ್ತು ಕಿಲೋಮೀಟರಿನ ಆಚೆಗೆ ಹೋಗೋದಿಲ್ಲ ನಾನು. ಹೋದರೆ ವಾಪಸು ಬರಬೇಕಲ್ಲ?’ ಒಮ್ಮೆ ಚಾರ್ಜು ಮಾಡಿದರೆ ಆ ಗಾಡಿ ಸಾಗುವ ದೂರವು ನೂರರ ಹತ್ತಿರದ್ದು. ಬರುವಾಗಿನ ದಾರಿಯನ್ನೂ ದಾರಿಯ ದಿಣ್ಣೆಗಳನ್ನೂ ಲೆಕ್ಕಕ್ಕೆ ಹಿಡಿದು, ಮನೆಯ ಜಗುಲಿಯ ಪ್ಲಗ್ಗೊಂದನ್ನೇ ನಂಬಿ, ಅವರು ತಮ್ಮ ಲೋಕವನ್ನು ನಲವತ್ತಕ್ಕೆ ನಿಲ್ಲಿಸಿಕೊಂಡಿದ್ದಾರೆ. ಬ್ಯಾಟರಿಯು ಹಾಕಿದ ಎಲ್ಲೆಯಲ್ಲ ಅದು.

ಆ ಎಲ್ಲೆಯನ್ನು ಹಾಕಿದ ವಸ್ತುವನ್ನು ನೋಡಬೇಕೆಂದೇ ಅವರೊಡನೆ ಹೆದ್ದಾರಿಯ ಬದಿಯ ಒಂದು ಕೇಂದ್ರಕ್ಕೆ ಹೋದೆನು. ಯಂತ್ರವನ್ನು ಕಾಂಕ್ರೀಟಿನ ಕಟ್ಟೆಯ ಮೇಲೆ ನಿಲ್ಲಿಸಿದ್ದರು. ಕಟ್ಟೆಯ ಎತ್ತರ ಎಂಟಂಗುಲ. ಯಾವುದಾದರೂ ಕಾರು ಹಿಂದಕ್ಕೆ ಸರಿಯುವಾಗ ಯಂತ್ರಕ್ಕೆ ಬಡಿದೀತೆಂದು ಅದರ ಮುಂದೆ ಹಳದಿ ಬಣ್ಣ ಬಳಿದ ಎರಡು ಕಬ್ಬಿಣದ ಕಂಬಗಳನ್ನು ಹೂತಿದ್ದರು. ಅವುಗಳ ನಡುವಣ ಸಂದು ಎರಡು ಅಡಿಗಿಂತ ತುಸು ಹೆಚ್ಚು, ಗಾಲಿಕುರ್ಚಿಯೊಂದು ನುಸುಳಲಾರದಷ್ಟು. ಕಂಬಗಳ ಈಚೆಗೆ ನೆಲಕ್ಕೆ ಜಲ್ಲಿಕಲ್ಲು ಹರಡಿದ್ದು, ಮೇಷ್ಟರ ಊರುಗೋಲಿನ ರಬ್ಬರಿನ ತುದಿಯು ಹೆಜ್ಜೆಹೆಜ್ಜೆಗೂ ಒಂದೊಂದು ಕಡೆಗೆ ಜಾರುತ್ತಿತ್ತು. ಪರದೆಯು ನಿಂತವನ ಮುಖದ ಮಟ್ಟದಲ್ಲಿ ಪಶ್ಚಿಮಾಭಿಮುಖವಾಗಿದ್ದುದರಿಂದ, ಸಂಜೆಯ ಬಿಸಿಲಿನಲ್ಲಿ ನನಗೂ ಅದರಲ್ಲಿ ನನ್ನ ಮುಖವಲ್ಲದೆ ಬೇರೊಂದು ಕಾಣಲಿಲ್ಲ. ಮೇಷ್ಟರು ಊರುಗೋಲನ್ನು ಕಟ್ಟೆಗೆ ಒರಗಿಸಿ, ಎಡಗೈಯಲ್ಲಿ ಕಂಬವನ್ನು ಹಿಡಿದು, ಬಲಗೈಯೊಂದರಿಂದಲೇ ಕೇಬಲನ್ನು ಎಳೆಯಲು ತೊಡಗಿದರು. ಎರಡು ಕೈಗಳನ್ನು ಬೇಡುವ ಕೆಲಸ ಅದು. ಅವರಿಗೆ ಒಂದು ಕೈಯು ಸದಾ ತಮ್ಮನ್ನೇ ನಿಲ್ಲಿಸಿಕೊಳ್ಳುವುದಕ್ಕೆ ಬೇಕು. ಉಪಾಹಾರ ಮಂದಿರದ ಕಾವಲಿನವನು ಓಡಿಬಂದು ‘ಬಿಡಿ ಅಣ್ಣಾ, ನಾನ್ ಹಾಕ್ತೀನಿ’ ಎಂದು ಸಿಕ್ಕಿಸಿಕೊಟ್ಟನು. ಆ ಸಹೃದಯನಿಗೆ ಒಳ್ಳೆಯದಾಗಲಿ. ಆದರೆ ಇರುಳಿನ ಹೊತ್ತಿನಲ್ಲಿ, ಮಳೆಯಲ್ಲಿ, ಅವನಿಲ್ಲದ ಜಾಗದಲ್ಲಿ?

ಆ ಕಟ್ಟೆಯನ್ನು ಕಟ್ಟಿದ ಇಂಜಿನಿಯರನು ನಿಷ್ಕರುಣಿಯಲ್ಲ. ಮುಂಗಾರಿನ ನೀರು ಅಂಗಳದಲ್ಲಿ ನಿಂತಾಗ ವಿದ್ಯುತ್ ಯಂತ್ರದ ಬುಡವು ಒದ್ದೆಯಾಗಬಾರದೆಂಬುದು ಪ್ರಾಣರಕ್ಷಣೆಯ ಪ್ರಶ್ನೆ. ಕೇಂದ್ರ ವಿದ್ಯುತ್ ಪ್ರಾಧಿಕಾರವು 2019ರಲ್ಲಿ ತನ್ನ ಸುರಕ್ಷತಾ ನಿಯಮಗಳಿಗೆ ತಿದ್ದುಪಡಿ ತಂದು, ಚಾರ್ಜಿಂಗಿನ ಸಾಕೆಟ್ಟು ನೆಲಮಟ್ಟದಿಂದ ಕನಿಷ್ಠ 800 ಮಿಲಿಮೀಟರ್ ಮೇಲಿರತಕ್ಕದ್ದೆಂದೂ, ನಿಲ್ಲಿಸಿದ ವಾಹನದ ಜೋಡಣೆಯ ತಾಣವು ಚಾರ್ಜಿಂಗ್ ಬಿಂದುವಿನಿಂದ ಐದು ಮೀಟರಿನ ಒಳಗಿರತಕ್ಕದ್ದೆಂದೂ ವಿಧಿಸಿತು. ಎರಡೂ ಯುಕ್ತವಾದ ಮಾತುಗಳೇ. ನನ್ನ ದೃಷ್ಟಿಯಲ್ಲಿ ಇಡೀ ಸಮಸ್ಯೆಯ ಬೀಜ ಇರುವುದು ಈ ಒಂದು ವಾಕ್ಯದಲ್ಲಿ: ಸಾಕೆಟ್ಟು ಎಷ್ಟಕ್ಕಿಂತ ಕೆಳಗಿರಬಾರದೆಂಬುದನ್ನು ಹೇಳಿದ ನಿಯಮವು ಎಷ್ಟಕ್ಕಿಂತ ಮೇಲಿರಬಾರದೆಂಬುದನ್ನು ಹೇಳಲಿಲ್ಲ. ನೀರನ್ನು ಕುರಿತು ಯೋಚಿಸಿದವರು, ಕುಳಿತೇ ಕೈಚಾಚುವವರನ್ನು ಕುರಿತು ಯೋಚಿಸಲಿಲ್ಲ. ಗಾಲಿಕುರ್ಚಿಯಲ್ಲಿ ಕುಳಿತವರ ಕೈಗೆ ನಾಲ್ಕು ಅಡಿಯ ಮೇಲಿನದು ಸುಲಭವಾಗಿ ನಿಲುಕದು. ಆದುದರಿಂದ 800 ಮಿಲಿಮೀಟರಿಗೂ ಸುಮಾರು 1200 ಮಿಲಿಮೀಟರಿಗೂ ನಡುವೆ ಸಾಕೆಟ್ಟು, ಗನ್ನಿನ ಗೂಡು, ಪರದೆ, ತುರ್ತು ನಿಲುಗಡೆಯ ಗುಂಡಿ ಇವೆಲ್ಲ ಬಂದರೆ, ನೀರಿನ ಭಯವೂ ತೀರುತ್ತದೆ, ಮನುಷ್ಯನ ಕೈಗೂ ಎಟುಕುತ್ತದೆ.

ಕಟ್ಟೆಯ ವಿಷಯದಲ್ಲಿ ಲೆಕ್ಕ ಇನ್ನೂ ಸ್ಪಷ್ಟವಾಗಿದೆ. ಗಾಲಿಕುರ್ಚಿ ಏರಬಹುದಾದ ಇಳಿಜಾರು ಹನ್ನೆರಡಕ್ಕೆ ಒಂದಕ್ಕಿಂತ ಕಡಿದಾಗಿರಬಾರದೆಂಬುದು ನಮ್ಮ ದೇಶದ ಮಾರ್ಗಸೂಚಿಗಳೂ ಒಪ್ಪಿದ ಪ್ರಮಾಣ. ಅಂದಮೇಲೆ ಕಟ್ಟಿಯಾದ ಎಂಟಂಗುಲದ ಕಟ್ಟೆಗೆ ಆಮೇಲೆ ಇಳಿಜಾರನ್ನು ಕೂಡಿಸಹೊರಟರೆ ಎಂಟು ಅಡಿ ಉದ್ದದ ಹಾದಿ ಬೇಕು, ಮೇಲೆ ಕುರ್ಚಿ ತಿರುಗುವುದಕ್ಕೆ ಒಂದೂವರೆ ಮೀಟರಿನ ಸಮತಲ ಬೇಕು. ಅಷ್ಟು ಜಾಗವನ್ನು ಯಾವ ಅಂಗಳದ ಒಡೆಯನೂ ಬಿಡಲಾರನು. ಯಂತ್ರದ ಬುಡವನ್ನು ಮಾತ್ರ ಎತ್ತರಿಸಿ, ಮನುಷ್ಯನು ನಿಲ್ಲುವ ನೆಲವನ್ನು ಗಾಡಿ ನಿಲ್ಲುವ ನೆಲದ ಮಟ್ಟಕ್ಕೇ ಇರಿಸಿ, ನೀರು ಹರಿಯಲು ಒಂದು ಪಕ್ಕಕ್ಕೆ ವಾಟ ಕೊಟ್ಟಿದ್ದರೆ ಹೆಚ್ಚಿನ ಖರ್ಚೇ ಇಲ್ಲದೆ ಮುಗಿಯುತ್ತಿತ್ತು.

ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಕೈಗೆತ್ತಿಕೊಂಡ ದೇಶಗಳಲ್ಲಿ ಇಂಗ್ಲೆಂಡು ಮುಂದಿನದು; ಅದಕ್ಕೆ ಅಲ್ಲಿನ ಇತಿಹಾಸವೇ ಕಾರಣ. ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಬರ್ಟ್ ಗ್ರೀವ್ಸ್ ಎಂಬ ಇಂಜಿನಿಯರನು, ಪಾರ್ಶ್ವವಾಯುಪೀಡಿತನಾಗಿದ್ದ ತನ್ನ ಸೋದರಬಂಧು ಡೆರಿ ಪ್ರೆಸ್ಟನ್-ಕಾಬ್‌ಗಾಗಿ ಮೋಟಾರು ಅಳವಡಿಸಿ ಸಿದ್ಧಪಡಿಸಿದ ಗಾಡಿಯೇ ಮುಂದೆ ‘ಇನ್ವಾಕಾರ್’ ಎಂಬ ಮೂರು ಗಾಲಿಯ ಪುಟ್ಟ ವಾಹನವಾಗಿ ಬೆಳೆಯಿತು. ಅಲ್ಲಿನ ಸರ್ಕಾರ ಅದನ್ನು ತಿಳಿನೀಲಿ ಬಣ್ಣ ಬಳಿಸಿ ಅಂಗವಿಕಲರಿಗೆ ಉಚಿತವಾಗಿ ಬಳಕೆಗೆ ಕೊಡುತ್ತಿತ್ತು. ಒಬ್ಬರೇ ಕೂರಬಹುದಾಗಿದ್ದ ಆ ಗಾಡಿಯಲ್ಲಿ ಹೆಂಡತಿಗಾಗಲಿ ಮಕ್ಕಳಿಗಾಗಲಿ ಸ್ಥಳವಿರಲಿಲ್ಲ. ಅದರ ಬಣ್ಣವೇ ಕುಳಿತವರನ್ನು ದೂರದಿಂದ ಬೇರ್ಪಡಿಸಿ ತೋರಿಸುತ್ತಿತ್ತು. 1977ರಲ್ಲಿ ಮೋಟಬಿಲಿಟಿ ಎಂಬ ಸಂಸ್ಥೆ ಹುಟ್ಟಿ, ಅಂಗವಿಕಲರ ಭತ್ಯವನ್ನೇ ಬಾಡಿಗೆಯಾಗಿ ಪಡೆದು ಎಲ್ಲರಂಥ ಕಾರುಗಳನ್ನೇ ಅವರಿಗೂ ಕೊಡುವ ವ್ಯವಸ್ಥೆಯನ್ನು ಮಾಡಿತು. 2003ರಲ್ಲಿ ಹಳೆಯ ನೀಲಿ ಗಾಡಿಗಳನ್ನು ಸುರಕ್ಷತೆಯ ಕಾರಣದಿಂದ ರಸ್ತೆಗಳಿಂದ ತೆಗೆದರು. ಇಂದು ಆರು ಲಕ್ಷಕ್ಕೂ ಮೀರಿದ ಜನ ಆ ವ್ಯವಸ್ಥೆಯನ್ನು ಅವಲಂಬಿಸಿದ್ದಾರೆ. ಪೆಟ್ರೋಲು, ಡೀಸೆಲುಗಳಿಂದ ಮಾತ್ರ ನಡೆಯುವ ಹೊಸ ಕಾರುಗಳ ಮಾರಾಟವನ್ನು 2030ಕ್ಕೆ ನಿಲ್ಲಿಸಬೇಕೆಂಬುದು ಅಲ್ಲಿನ ಸರ್ಕಾರದ ಸಂಕಲ್ಪವಾದುದರಿಂದ, ಇಷ್ಟೊಂದು ಜನ ಚಾರ್ಜಿಂಗ್ ಕೇಂದ್ರದ ಮುಂದೆ ಬಂದು ನಿಲ್ಲುವ ದಿನವನ್ನು ಆ ಸಂಸ್ಥೆ ಮುಂದಾಗಿಯೇ ಕಂಡಿತು. ಅದು ಮಾಡಿಸಿದ ಅಧ್ಯಯನವೊಂದರ ಅಂದಾಜಿನಂತೆ, 2035ರ ವೇಳೆಗೆ ಬ್ರಿಟನ್ನಿನಲ್ಲಿ ವಾಹನ ನಡೆಸುವ ಅಥವಾ ವಾಹನದಲ್ಲಿ ಪಯಣಿಸುವ ಅಂಗವಿಕಲರು 27 ಲಕ್ಷದಷ್ಟಿದ್ದು, ಅವರಲ್ಲಿ ಅರ್ಧದಷ್ಟು ಜನ ಸಾರ್ವಜನಿಕ ಚಾರ್ಜಿಂಗನ್ನು ಪೂರ್ಣವಾಗಿಯೋ ಭಾಗಶಃವೋ ನಂಬಿರುತ್ತಾರೆ.

ಈ ಆತಂಕದ ಫಲವಾಗಿ ಬ್ರಿಟಿಷ್ ಮಾನಕ ಸಂಸ್ಥೆಯು 2022ರ ಅಕ್ಟೋಬರಿನಲ್ಲಿ ‘ಪಿಎಎಸ್ 1899’ ಎಂಬ ಮಾನಕವನ್ನು ಪ್ರಕಟಿಸಿತು. ಯಂತ್ರದ ಎತ್ತರ, ರಕ್ಷಣಾಕಂಬಗಳ ನಡುವಣ ಅಂತರ, ಕೇಬಲಿನ ಭಾರ, ಸುತ್ತಣ ನೆಲದ ಮಟ್ಟ, ಪರದೆಯ ಓದುವಿಕೆ, ಬೆಳಕು ಮುಂತಾದ ಒಂದೊಂದನ್ನೂ ಬಳಸುವವರ ದೇಹದ ಕಡೆಯಿಂದ ನೋಡಿದ ಕೃತಿ ಅದು. ಆದರೆ ಅದು ಪಾಲಿಸಬಹುದಾದ ಮಾನಕವಾಯಿತೇ ಹೊರತು ಪಾಲಿಸಲೇಬೇಕಾದ ಕಾನೂನಾಗಲಿಲ್ಲ. ಮರುವರ್ಷ ಅದೇ ದೇಶದಲ್ಲಿ ಸಾರ್ವಜನಿಕ ಚಾರ್ಜಿಂಗ್ ಕುರಿತು ಬಂದ ನಿಯಮಾವಳಿಯು ಹಣ ಪಾವತಿಯನ್ನೂ ಯಂತ್ರಗಳ ವಿಶ್ವಾಸಾರ್ಹತೆಯನ್ನೂ ಕಡ್ಡಾಯಗೊಳಿಸಿದರೂ ಈ ಮಾನಕವನ್ನು ಕಡ್ಡಾಯಗೊಳಿಸಲಿಲ್ಲ. ಉತ್ತಮವಾದ ಮಾನಕವು ಕಪಾಟಿನಲ್ಲಿ ಉಳಿದು, ಹೊರಗೆ ಕಟ್ಟೆಗಳು ಏಳುತ್ತ ಹೋಗುವುದನ್ನು ತಡೆಯುವ ಬಲ ಸಲಹೆಗೆ ಇಲ್ಲ.

ಅಮೆರಿಕದ ದೃಷ್ಟಾಂತವು ನಮ್ಮ ಬಂಕಿನ ಹುಡುಗನನ್ನೇ ನೆನಪಿಗೆ ತರುವಂಥದು. ಅಲ್ಲಿ ಪೆಟ್ರೋಲನ್ನು ತಾವೇ ತುಂಬಿಕೊಳ್ಳುವುದು ವಾಡಿಕೆ. ಆದರೆ 1990ರ ಅಂಗವಿಕಲರ ಕಾಯಿದೆಯಂತೆ, ಒಬ್ಬನಿಗಿಂತ ಹೆಚ್ಚು ನೌಕರರಿರುವ ಬಂಕಿನಲ್ಲಿ ಅಂಗವಿಕಲನೊಬ್ಬನು ಕೇಳಿದರೆ, ಹೆಚ್ಚಿನ ಹಣ ಪಡೆಯದೆ ತುಂಬಿಕೊಡತಕ್ಕದ್ದು. ನೌಕರನೇ ಇಲ್ಲದ ಚಾರ್ಜಿಂಗ್ ಕೇಂದ್ರದಲ್ಲಿ ಕೇಳುವುದಾದರೂ ಯಾರನ್ನು? ಆ ದೇಶದ ಆ್ಯಕ್ಸೆಸ್ ಬೋರ್ಡ್ ಎಂಬ ಸರ್ಕಾರಿ ಸಂಸ್ಥೆ 2022ರಲ್ಲಿ ಹೊರಡಿಸಿದ ಶಿಫಾರಸುಗಳ ಪ್ರಕಾರ ಗಾಡಿ ನಿಲ್ಲುವ ಅಂಕಣವು 11 ಅಡಿ ಅಗಲವಾಗಿಯೂ 20 ಅಡಿ ಉದ್ದವಾಗಿಯೂ ಇದ್ದು, ಅದರ ಮಗ್ಗುಲಿಗೆ 5 ಅಡಿಯ ಓಣಿಯಿರಬೇಕು. ಕೈಯಾಡಿಸುವ ಭಾಗಗಳು 48 ಅಂಗುಲಕ್ಕಿಂತ ಮೇಲಿರಬಾರದು. ಒಂದೇ ಕೈಯಲ್ಲಿ, ಬಿಗಿಹಿಡಿತವಾಗಲಿ ಮಣಿಕಟ್ಟಿನ ತಿರುಚುವಿಕೆಯಾಗಲಿ ಇಲ್ಲದೆ, ಐದು ಪೌಂಡಿಗಿಂತ ಹೆಚ್ಚು ಬಲ ಬೇಡದಂತೆ ಅವು ನಡೆಯಬೇಕು. ಅಷ್ಟು ಅಗಲವೇಕೆಂದರೆ, ಚಾರ್ಜಿಂಗಿನ ಬಾಯಿ ಎಲ್ಲ ಕಾರುಗಳಲ್ಲಿಯೂ ಒಂದೇ ಕಡೆಗಿಲ್ಲ: ಕೆಲವಕ್ಕೆ ಹಿಂಬದಿಯ ಮಗ್ಗುಲಲ್ಲಿ, ಕೆಲವಕ್ಕೆ ಮುಂಗಾಲಿಯ ಮೇಲೆ, ಎಂಜಿ ಕಂಪನಿಯ ಝಡ್‌ಎಸ್‌ನಂಥವಕ್ಕೆ ಮೂತಿಯಲ್ಲೇ. ಕುರ್ಚಿಯಲ್ಲಿ ಕುಳಿತವನು ಕೇಬಲನ್ನು ಮಡಿಲಲ್ಲಿಟ್ಟುಕೊಂಡು ಕಾರಿನ ಸುತ್ತ ಯಾವ ಮೂಲೆಗಾದರೂ ಬರುವಂತಿರಬೇಕು. ಗಾಡಿಯಿಂದ ಇಳಿದುಹೋಗುವ ಪಾರ್ಕಿಂಗ್ ಜಾಗಕ್ಕೂ ಗಾಡಿಯ ಸುತ್ತ ಕೆಲಸ ಮಾಡಬೇಕಾದ ಈ ಜಾಗಕ್ಕೂ ಇರುವ ಅಂತರವನ್ನು ಆ ಮಂಡಳಿಯವರು ಚೆನ್ನಾಗಿ ಗ್ರಹಿಸಿದರು.

ನಮ್ಮಲ್ಲಿ ಕಾನೂನಿನ ಬಲ ಕಡಿಮೆಯೇನೂ ಇಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಮಾನ್ಯಮಾಡಿ, ಸಾರ್ವಜನಿಕ ಸ್ಥಳಗಳಲ್ಲಿಯೂ ಸೇವೆಗಳಲ್ಲಿಯೂ, ಅವು ಸರ್ಕಾರದವಾಗಿರಲಿ ಖಾಸಗಿಯವಾಗಿರಲಿ, ನಿರಾತಂಕ ಪ್ರವೇಶವನ್ನು ಹಕ್ಕೆಂದು ಸಾರಿತು. ವಾಹನಗಳನ್ನು ಮಾರ್ಪಡಿಸಿಕೊಳ್ಳುವುದಕ್ಕೂ ನೆರವಿನ ಯೋಜನೆಗಳನ್ನು ರೂಪಿಸಬೇಕೆಂದು ಅದರ 41ನೆಯ ಪ್ರಕರಣ ಹೇಳುತ್ತದೆ. ಆದರೆ ಕಾಯಿದೆಯಡಿ ರಚಿತವಾದ ನಿಯಮಗಳು ಬಹುಮಟ್ಟಿಗೆ ಸಲಹೆಯ ಧಾಟಿಯಲ್ಲಿಯೇ ನಿಂತವು. ದೃಷ್ಟಿದೋಷವುಳ್ಳ ರಾಜೀವ್ ರತೂರಿ ಎಂಬವರು 2005ರಲ್ಲಿ ಹೂಡಿದ್ದ ಸಾರ್ವಜನಿಕ ಹಿತಾಸಕ್ತಿಯ ಮೊಕದ್ದಮೆಯು ಸುಮಾರು ಎರಡು ದಶಕಗಳ ಕಾಲ ನಡೆದು, 2024ರ ನವೆಂಬರ್ 8ರಂದು ಸರ್ವೋಚ್ಚ ನ್ಯಾಯಾಲಯವು, ಪ್ರವೇಶಸೌಲಭ್ಯದ ಪ್ರಮಾಣಗಳನ್ನು ಬರಿಯ ಮಾರ್ಗದರ್ಶನವೆಂಬಂತೆ ಇರಿಸಿದ ನಿಯಮವು ಮೂಲ ಕಾಯಿದೆಗೇ ವಿರುದ್ಧವೆಂದು ನಿರ್ಣಯಿಸಿ, ಕಡ್ಡಾಯವಾದ ನಿಯಮಗಳನ್ನು ಮೂರು ತಿಂಗಳೊಳಗೆ ರಚಿಸುವಂತೆ ಕೇಂದ್ರಕ್ಕೆ ಆಜ್ಞಾಪಿಸಿತು. ಬ್ರಿಟನ್ನಿನ ಮಾನಕ ಎಲ್ಲಿ ಸೋತಿತೋ ಆ ಜಾಗದ ಮೇಲೆಯೇ ನಮ್ಮ ನ್ಯಾಯಾಲಯ ಬೆರಳಿಟ್ಟಿತು. 2025ರ ಏಪ್ರಿಲಿನಲ್ಲಿ ಅದೇ ನ್ಯಾಯಾಲಯವು ಪ್ರಜ್ಞಾ ಪ್ರಸೂನ್ ಅವರ ಪ್ರಕರಣದಲ್ಲಿ, ಡಿಜಿಟಲ್ ಸೇವೆಗಳಿಗೆ ಪ್ರವೇಶವು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದಿತು. ಆ್ಯಪಿಲ್ಲದೆ ವಿದ್ಯುತ್ತೇ ಹರಿಯದ ಚಾರ್ಜಿಂಗ್ ಯಂತ್ರಗಳಿಗೆ ಈ ಮಾತು ಅನ್ವಯಿಸದೆ ಹೋಗುವುದೆಂತು?

ನಾನು ಇದುವರೆಗೆ ಕೈಕಾಲುಗಳ ಮಾತನ್ನೇ ಆಡಿದೆನು. ಕಿವಿ ಕೇಳದವರ ಪಾಡು ಬೇರೆ. 2011ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಅವರ ಚಾಲನಾ ಪರವಾನಗಿಗೆ ದಾರಿ ತೆರೆದಂದಿನಿಂದ ಅವರೂ ನ್ಯಾಯವಾಗಿ ವಾಹನ ನಡೆಸುತ್ತಿದ್ದಾರೆ. ಯಂತ್ರ ಕೆಟ್ಟುನಿಂತಾಗ ಅದರ ಮೇಲೆ ಬರೆದಿರುವುದು ದೂರವಾಣಿಯ ಸಂಖ್ಯೆಯೊಂದೇ ಆದರೆ, ಅವರು ಯಾರಿಗೆ ಏನೆಂದು ತಿಳಿಸಬೇಕು? ಸಂದೇಶ ಬರೆದು ಕಳುಹಿಸಿ ಉತ್ತರ ಪಡೆಯುವ ಏರ್ಪಾಡು ಅದರ ಪಕ್ಕದಲ್ಲಿಯೇ ಇರತಕ್ಕದ್ದು. ಇನ್ನು ದೃಷ್ಟಿಯಿಲ್ಲದವರು ವಾಹನವನ್ನು ನಡೆಸದಿದ್ದರೂ, ಫುಟ್‌ಪಾತಿನ ನಡುವೆ ನೆಟ್ಟ ಯಂತ್ರವೂ ಅದರಿಂದ ರಸ್ತೆಗೆ ಅಡ್ಡಲಾಗಿ ಇಳಿಬಿದ್ದ ಕೇಬಲೂ ಅವರ ಬಿಳಿಕೋಲಿಗೆ ಸಿಕ್ಕುವ ಮೊದಲೇ ಕಾಲಿಗೆ ಸಿಕ್ಕುತ್ತವೆ. ಮೋರಿಯ ಚಪ್ಪಡಿ, ಟ್ರಾನ್ಸ್‌ಫಾರ್ಮರು, ಹೂವಿನ ತಳ್ಳುಗಾಡಿಗಳಿಂದ ಈಗಾಗಲೇ ಕಿಕ್ಕಿರಿದ ನಮ್ಮ ಕಾಲುದಾರಿಗಳ ಮೇಲೆ ಚಾರ್ಜಿಂಗ್ ಯಂತ್ರಕ್ಕೆ ಜಾಗ ಕೊಡಲೇಬಾರದೆಂದು ನನ್ನ ದೃಢವಾದ ಅಭಿಪ್ರಾಯ. ಅದರ ಸ್ಥಾನ ವಾಹನಗಳ ನೆಲದಲ್ಲಿಯೇ.

ಕರ್ನಾಟಕವು 2017ರಲ್ಲಿಯೇ, ದೇಶದ ಇತರ ರಾಜ್ಯಗಳಿಗೆಲ್ಲ ಮೊದಲಾಗಿ, ವಿದ್ಯುತ್ ವಾಹನಗಳಿಗೆಂದು ನೀತಿಯೊಂದನ್ನು ರೂಪಿಸಿತು. ಬೆಸ್ಕಾಂ ಇಲ್ಲಿನ ನೋಡಲ್ ಸಂಸ್ಥೆಯಾಗಿ ನಿಂತು, ರಾಜ್ಯದ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳ ಸಂಖ್ಯೆ 2024ರ ಹೊತ್ತಿಗೆ ಐದು ಸಾವಿರವನ್ನು ಮೀರಿ ದೇಶದಲ್ಲಿಯೇ ಮೊದಲನೆಯದಾಯಿತು. ಅವುಗಳಲ್ಲಿ ಬಹುಪಾಲು ಬೆಂಗಳೂರಿನ ಸುತ್ತಮುತ್ತಲೇ ಇವೆ. 2011ರ ಜನಗಣತಿಯಂತೆ ರಾಜ್ಯದ ಅಂಗವಿಕಲರು 13.24 ಲಕ್ಷ. ಈ ಎರಡು ಸಂಖ್ಯೆಗಳು ಒಂದೇ ಕಡತದಲ್ಲಿ ಎದುರುಬದುರಾಗಿ ಕುಳಿತುದನ್ನು ನಾನು ಕಂಡಿಲ್ಲ. ಕೇಂದ್ರ ಸರ್ಕಾರವು 2024ರ ‘ಪಿಎಂ ಇ-ಡ್ರೈವ್’ ಯೋಜನೆಯ 10,900 ಕೋಟಿ ರೂಪಾಯಿಗಳಲ್ಲಿ 2,000 ಕೋಟಿಯನ್ನು ಚಾರ್ಜಿಂಗಿಗೇ ಮೀಸಲಿಟ್ಟು, ಸುಮಾರು 72,000 ಚಾರ್ಜರುಗಳನ್ನು ನೆಡಲು ಹೊರಟಿದೆ. ಹಣ ಜನತೆಯದು, ಕಾಂಕ್ರೀಟು ಇನ್ನೂ ಹಸಿ; ಬದಲಾವಣೆ ಅಗ್ಗವಾಗಿರುವ ಕಾಲ ಇದೇ.

ಉಪಾಯಗಳು ಕಷ್ಟವಾದವೇನಲ್ಲ. ಕೇಬಲನ್ನು ಮೇಲಿನ ತೋಳೊಂದರಿಂದ ಸ್ಪ್ರಿಂಗಿನಲ್ಲಿ ತೂಗಹಾಕಿದರೆ ಅದರ ಭಾರವನ್ನು ತೋಳೇ ಹೊರುತ್ತದೆ. ದ್ರವದಿಂದ ತಂಪಾಗಿಡುವ ಕೇಬಲುಗಳು ಅಷ್ಟೇ ವಿದ್ಯುತ್ತನ್ನು ಕಡಿಮೆ ದಪ್ಪದಲ್ಲಿ ಸಾಗಿಸುತ್ತವೆ. ಬ್ಯಾಟರಿಯನ್ನೇ ಬದಲಾಯಿಸುವ ಕೇಂದ್ರಗಳು ಪರಿಹಾರವೆಂದು ಕೆಲವರು ಹೇಳುತ್ತಾರೆ. ಒಂದೊಂದೂ ಒಂಬತ್ತು ಹತ್ತು ಕಿಲೊ ತೂಗುವ ಪೆಟ್ಟಿಗೆಯನ್ನು ಎತ್ತಿ ಗೂಡಿಗೆ ಇಳಿಸಬೇಕಾದುದರಿಂದ, ಅಲ್ಲಿ ಸಹಾಯಕನಿಲ್ಲದೆ ಹೋದರೆ ಕಷ್ಟ ಇನ್ನೂ ಹೆಚ್ಚಿನದು. ಇತ್ತ ಮದರಾಸಿನ ಐಐಟಿಯಲ್ಲಿ ಸಿದ್ಧವಾದ ‘ನಿಯೋಬೋಲ್ಟ್’ 2021ರಲ್ಲಿ ಬಳಕೆಗೆ ಬಂದಿದೆ: ಗಾಲಿಕುರ್ಚಿಯ ಮುಂದಕ್ಕೆ ಕೂಡಿಸಿದರೆ ಕುರ್ಚಿಯೇ ಗಂಟೆಗೆ 25 ಕಿಲೋಮೀಟರ್ ವೇಗದ ವಾಹನವಾಗಿ, ಒಂದು ಚಾರ್ಜಿಗೆ ಸುಮಾರು 30 ಕಿಲೋಮೀಟರ್ ಸಾಗುತ್ತದೆ. ಇಂಥ ಕುರ್ಚಿಯವರಿಗೆ ಬೇಕಾದುದು ದೊಡ್ಡ ಯಂತ್ರವಲ್ಲ, ಸಮನೆಲದ ಬದಿಯಲ್ಲಿ, ಸೊಂಟದ ಮಟ್ಟದಲ್ಲಿ, ನೆರಳಿರುವ ಕಡೆ ಒಂದು ಸಾಮಾನ್ಯ ಸಾಕೆಟ್ಟು. ಕಾರುಗಳನ್ನೇ ಮನಸ್ಸಿನಲ್ಲಿಟ್ಟು ಬರೆದ ನಕ್ಷೆಗಳಲ್ಲಿ ಅದಕ್ಕೆ ಸ್ಥಳವೇ ಇರುವುದಿಲ್ಲ. ಹೆದ್ದಾರಿಯ ದೊಡ್ಡ ಕೇಂದ್ರಗಳಲ್ಲಿ ಬಂಕಿನಂತೆಯೇ ಒಬ್ಬ ಸಹಾಯಕನನ್ನು ನೇಮಿಸುವುದು ನಮ್ಮ ದೇಶದಲ್ಲಿ ದುಬಾರಿಯ ಮಾತಲ್ಲ. ಅದರಿಂದ ಮುದುಕರಿಗೂ ಬಸುರಿಯರಿಗೂ ಉಪಕಾರ, ಒಂದು ಮನೆಗೆ ಸಂಬಳ.

ಸರ್ಕಾರದ ನೆರವು ಪಡೆಯುವ ಪ್ರತಿಯೊಂದು ಕೇಂದ್ರದ ಟೆಂಡರಿನಲ್ಲಿ ಸಾಕೆಟ್ಟಿನ ಮೇಲಿನ ಎಲ್ಲೆಯನ್ನು ಮಿಲಿಮೀಟರಿನಲ್ಲಿ ಬರೆಯಬೇಕು. ಪ್ರತಿ ಕೇಂದ್ರದಲ್ಲಿ ಕನಿಷ್ಠ ಒಂದು ಅಂಕಣವಾದರೂ ಕಟ್ಟೆಯೂ ಜಲ್ಲಿಯೂ ಇಲ್ಲದೆ, ಸೈಡ್ ವೀಲ್ ಗಾಡಿ ತಿರುಗುವಷ್ಟು ಅಗಲವಾಗಿರಬೇಕು. ಅದು ಹಾಗಿದೆಯೆಂದು ಖುದ್ದಾಗಿ ಅಳೆದು ನೋಡಿದ ಅಧಿಕಾರಿಯ ಸಹಿ ಬೀಳುವವರೆಗೆ ಕೊನೆಯ ಕಂತು ಬಿಡುಗಡೆಯಾಗಬಾರದು. ನೆಲದ ಮೇಲೆ ಸುಣ್ಣದ ಗೆರೆ ಎಳೆಯುವ ದಿನವೇ ಆ ಊರಿನ ಸೈಡ್ ವೀಲ್ ಗಾಡಿಯವರೊಬ್ಬರನ್ನೂ ಗಾಲಿಕುರ್ಚಿಯವರೊಬ್ಬರನ್ನೂ ಕರೆದು, ಗೆರೆಗಳ ನಡುವೆ ಬಂದುಹೋಗಿ ತೋರಿಸುವಂತೆ ಕೇಳಿಕೊಂಡು, ಅವರು ಹೇಳಿದಂತೆ ಗೆರೆಯನ್ನು ತಿದ್ದಬೇಕು. ಆ ಅರ್ಧ ದಿನದ ಕೆಲಸಕ್ಕೆ ಇಂಜಿನಿಯರಿಗೆ ಸಲ್ಲಿಸುವಂತೆಯೇ ಅವರಿಗೂ ಸಂಭಾವನೆಯನ್ನು ಸಲ್ಲಿಸತಕ್ಕದ್ದು.